‘ಅಯ್ಯ’ ಎಂಬ ಎರಡಕ್ಷರ

ಇಟ್ಟಿಗಿ, ಹೂವಿನಹಡಗಲಿ, ಕೊಟ್ಟೂರು, ಹರಪನಹಳ್ಳಿ ಸೀಮೆಯ ಯಾವ ಊರಿಗೆ ಹೋದರೂ ಕೊಟ್ಟೂರೇಶ್ವರನ ಹೆಸರು ಹೊತ್ತವರು ಹತ್ತಾರು ಮಂದಿ ಸಿಗುತ್ತಾರೆ. ಒಬ್ಬರು ಕೊಟ್ರಪ್ಪ, ಇನ್ನೊಬ್ಬರು ಕೊಟ್ರಗೌಡ, ಮತ್ತೊಬ್ಬರು ಕೊಟ್ರಯ್ಯ. ಹೊತ್ತ ದೈವ ಒಂದೇ, ಹೆತ್ತವರು ಹರಕೆ ಕಟ್ಟಿಕೊಂಡದ್ದೂ ಒಂದೇ ಗದ್ದುಗೆಗೆ. ಆದರೆ ಹೆಸರು ಯಾವ ಅಕ್ಷರದಲ್ಲಿ ಮುಗಿಯಿತು ಎಂಬುದನ್ನು ಕೇಳಿದೊಡನೆ ನಾವು ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿಬಿಡುತ್ತೇವೆ. ‘ಅಯ್ಯ’ ಎಂದು ಮುಗಿದರೆ ಮಠದ ಮನೆಯವರು, ‘ಅಪ್ಪ’ ಎಂದಿದ್ದರೆ ಭಕ್ತರು, ‘ಗೌಡ’ ಎಂದಿದ್ದರೆ ಊರಿನ ಒಡೆತನದವರು. ಕುಲ ಯಾವುದೆಂದು ಬಾಯಿಬಿಟ್ಟು ಕೇಳಬೇಕಾಗಿಲ್ಲ. ಹೆಸರಿನ ಬಾಲವೇ ಹೇಳುತ್ತದೆ.

ಈ ‘ಅಯ್ಯ’ ಎಂಬ ಎರಡಕ್ಷರ ಎಲ್ಲಿಂದ ಬಂತು? ಅದು ಯಾರ ಸ್ವತ್ತು? ಈ ವಾರ ಅದನ್ನೇ ವಿಚಾರ ಮಾಡೋಣ.

ಮೊದಲು ನಮ್ಮ ಸುತ್ತಲೇ ನೋಡೋಣ. ಮನೆಗೆ ಲಿಂಗಧಾರಣೆಗೆ, ಗೃಹಪ್ರವೇಶಕ್ಕೆ, ಮಣ್ಣು ಕೊಡುವ ಕಾರ್ಯಕ್ಕೆ ಬರುವವರು ಅಯ್ಯನವರು. ಜಂಗಮ ವಟುವಿಗೆ ಕೊಡುವ ಸಂಸ್ಕಾರ ಅಯ್ಯಾಚಾರ. ನಮ್ಮ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆ ಕಾಲಕ್ಕೆ ಬಿಲ್ಲನ್ನೇರಿ ಕಾರಣಿಕ ನುಡಿಯುವವನು ಗೊರವಯ್ಯ. ‘ಗೊರವ’ ಎಂಬುದು ‘ಗುರು’ವಿನಿಂದಲೇ ಬಂದ ಮಾತು. ಹಳೆಯ ಶಾಸನಗಳಲ್ಲಿ ಶೈವ ತಪಸ್ವಿಗಳನ್ನು ಗೊರವರೆಂದೇ ಕರೆದಿದೆ. ಹಾಗಿದ್ದ ಮೇಲೆ ಗೊರವಯ್ಯ ಎಂದರೆ ಗುರುವೂ ಹೌದು, ಅಯ್ಯನೂ ಹೌದು. ಇಂಗ್ಲಿಷ್ ಶಾಲೆ ಬರುವುದಕ್ಕೆ ಮುಂಚೆ ಮಠದಲ್ಲೋ ಗುಡಿಯಲ್ಲೋ ಮಕ್ಕಳನ್ನು ಕೂಡಿಸಿಕೊಂಡು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದವರು ಐಗಳು. ‘ಅಯ್ಯಗಳು’ ಎಂಬುದೇ ಬಾಯಲ್ಲಿ ಸವೆದು ‘ಐಗಳು’ ಆಯಿತು. ‘ಮಠ’ ಎಂಬ ಮಾತಿಗೆ ಕನ್ನಡದಲ್ಲಿ ಶಾಲೆ ಎಂಬ ಅರ್ಥ ಬಂದದ್ದೂ ಇವರಿಂದಲೇ. ಗುರು, ಪೂಜಾರಿ, ಮಾಸ್ತರು ಈ ಮೂವರಿಗೂ ನಮ್ಮ ಹಿರಿಯರು ಇಟ್ಟ ಹೆಸರು ಒಂದೇ.

ಆದರೆ ಇದಕ್ಕೆಲ್ಲ ಮುಂಚೆ ‘ಅಯ್ಯ’ ಎಂದರೆ ತಂದೆ. ಮಲೆನಾಡಿನಲ್ಲಿಯೂ ಹಳೇ ಮೈಸೂರಿನ ಊರುಗಳಲ್ಲಿಯೂ ಹೆತ್ತ ತಂದೆಯನ್ನು ‘ಅಯ್ಯ’, ‘ಅಪ್ಪಯ್ಯ’ ಎಂದು ಕರೆಯುವ ಮನೆಗಳಿವೆ. ನಮ್ಮ ಕಡೆ ಚಿಕ್ಕಪ್ಪ ಎನ್ನುವುದನ್ನು ಹಳಗಾಲದ ಕನ್ನಡದಲ್ಲಿ ‘ಚಿಕ್ಕಯ್ಯ’ ಎಂದಿದ್ದಾರೆ. ಕಿಟ್ಟೆಲ್ ಸಾಹೇಬರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ನಿಘಂಟಿನಲ್ಲಿ ತಂದೆ, ಒಡೆಯ, ಗುರು ಎಂಬ ಅರ್ಥಗಳೆಲ್ಲ ಈ ಒಂದು ಮಾತಿಗೆ ಸಲ್ಲುತ್ತವೆ.

ಮೂಲದ ವಿಷಯಕ್ಕೆ ಬಂದರೆ ಇಲ್ಲಿ ಎರಡು ಹೊಳೆಗಳು ಕೂಡಿದಂತೆ ಕಾಣುತ್ತದೆ. ಒಂದು ದಕ್ಷಿಣದ ಹೊಳೆ. ತಮಿಳಿನಲ್ಲಿ ‘ಐ’ ಎಂಬ ಒಂದೇ ಅಕ್ಷರಕ್ಕೆ ಒಡೆಯ, ತಂದೆ, ಗುರು ಎಂಬ ಅರ್ಥಗಳಿವೆ. ಅದರಿಂದಲೇ ‘ಐಯನ್’, ‘ಐಯಾ’. ತೆಲುಗಿನಲ್ಲಿ ‘ಅಯ್ಯ’, ಮಲಯಾಳದಲ್ಲಿ ‘ಅಯ್ಯನ್’. ಬರೋ ಮತ್ತು ಎಮೆನೋ ಎಂಬ ಪಂಡಿತರು 1961ರಲ್ಲಿ ಹೊರತಂದ ದ್ರಾವಿಡ ಭಾಷೆಗಳ ನಿಘಂಟು ಇವೆಲ್ಲವನ್ನೂ ಒಂದೇ ಮನೆತನದ ಮಾತುಗಳೆಂದು ಒಟ್ಟಿಗೆ ಕೂಡಿಸಿದೆ.

ಇನ್ನೊಂದು ಉತ್ತರದ ಹೊಳೆ. ಸಂಸ್ಕೃತದ ‘ಆರ್ಯ’ ಎಂದರೆ ಪೂಜ್ಯ, ಗೌರವಕ್ಕೆ ತಕ್ಕವನು. ನಾಟಕಗಳಲ್ಲಿ ಹಿರಿಯರನ್ನು ‘ಆರ್ಯ’ ಎಂದು ಕರೆದರೆ, ಹೆಂಡತಿ ಗಂಡನನ್ನು ‘ಆರ್ಯಪುತ್ರ’ ಎನ್ನುತ್ತಾಳೆ. ಇದೇ ಮಾತು ಬುದ್ಧನ ಅನುಯಾಯಿಗಳ ಪಾಳಿ ಭಾಷೆಯಲ್ಲಿ ‘ಅಯ್ಯ’ ಆಗುತ್ತದೆ! ಪ್ರಾಕೃತದಲ್ಲಿ ‘ಅಜ್ಜ’ ಆಗುತ್ತದೆ. ನಾವು ತಾತನನ್ನು ಅಜ್ಜ ಎನ್ನುವುದನ್ನು ಪಂಡಿತರು ಇದಕ್ಕೇ ಜೋಡಿಸುತ್ತಾರೆ. ಮರಾಠಿಯಲ್ಲಿಯೂ ಹಿಂದಿಯ ಹಳ್ಳಿಮಾತಿನಲ್ಲಿಯೂ ತಾತನಿಗೆ ‘ಆಜಾ’ ಎನ್ನುತ್ತಾರೆ. ಮಠದ ಸ್ವಾಮಿಗಳನ್ನು ನಾವು ‘ಅಜ್ಜಾರು’ ಎನ್ನುತ್ತೇವಲ್ಲ, ಕೊಪ್ಪಳದ ಗವಿಮಠದ ಜಾತ್ರೆಯನ್ನು ‘ಅಜ್ಜನ ಜಾತ್ರೆ’ ಎನ್ನುತ್ತೇವಲ್ಲ, ಆ ಅಜ್ಜನೂ ಈ ಅಯ್ಯನೂ ಅಲ್ಲಿಗೆ ಬೀಗರಾದಂತಾಯಿತು.

ಕನ್ನಡದ ‘ಅಯ್ಯ’ ಯಾವ ಹೊಳೆಯ ನೀರು ಎಂದು ವಾದ ಮಾಡುವವರಿದ್ದಾರೆ. ನಮಗೆ ಆ ವಾದದಲ್ಲಿ ಅಷ್ಟು ರುಚಿ ಇಲ್ಲ. ನಮ್ಮ ನಾಡಿನ ಹಿಂದಿನವರು ಎರಡನ್ನೂ ಒಂದೇ ಎಂದು ಬಗೆದದ್ದಕ್ಕೆ ಕಲ್ಲಿನಲ್ಲೇ ಸಾಕ್ಷಿ ಇದೆ. ಬಾಗಲಕೋಟೆ ಜಿಲ್ಲೆಯ ಐಹೊಳೆಯನ್ನು ತಾವು ಬಲ್ಲಿರಿ. ಶಾಸನಗಳಲ್ಲಿ ಅದರ ಕನ್ನಡ ಹೆಸರು ‘ಅಯ್ಯಾವೊಳೆ’, ಸಂಸ್ಕೃತದ ಹೆಸರು ‘ಆರ್ಯಪುರ’. ಅಯ್ಯನನ್ನು ಆರ್ಯನೆಂದು ಅನುವಾದಿಸಿದವರು ಅವರೇ. ಆ ಊರಿನ ಹೆಸರು ಹೊತ್ತ ವರ್ತಕರ ಸಂಘ ‘ಅಯ್ಯಾವೊಳೆ ಐನೂರ್ವರು’ ದಕ್ಷಿಣದ ಪೇಟೆಗಳನ್ನೆಲ್ಲ ಸುತ್ತಿತು. ಐನೂರ್ವರ ತಮಿಳು ಶಾಸನವೊಂದು ಕಡಲಾಚೆಯ ಸುಮಾತ್ರಾ ದ್ವೀಪದಲ್ಲಿ 1088ನೆಯ ಇಸವಿಯದು ಸಿಕ್ಕಿದೆ.

ಒಂದು ಮಾತು ಸೇರಿಸಬೇಕು. ಇರಾನ್ ದೇಶದ ಹೆಸರೂ ಈ ‘ಆರ್ಯ’ದ ದಾಯಾದಿಯೇ. ಯೂರೋಪಿನಲ್ಲಿ 19ನೆಯ ಶತಮಾನದ ಕೆಲವರು ಇದನ್ನು ರಕ್ತದ, ಜನಾಂಗದ ಹೆಸರಾಗಿ ಮಾಡಿದರು. 20ನೆಯ ಶತಮಾನದಲ್ಲಿ ಹಿಟ್ಲರನ ಕೈಯಲ್ಲಿ ಅದು ಲಕ್ಷಾಂತರ ಜನರ ಕೊಲೆಗೆ ನೆವವಾಯಿತು. ನಡತೆಗೆ ಕೊಟ್ಟ ಗೌರವದ ಮಾತನ್ನು ಹುಟ್ಟಿಗೆ ಕಟ್ಟಿಹಾಕಿದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ಜಗತ್ತು ನೋಡಿತು.

ನೆರೆಹೊರೆಯ ಭಾಷೆಗಳ ‘ಅಯ್ಯ’ ನಮ್ಮ ಸೀಮೆಗೆ ಹೊಸದಲ್ಲ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಬಳ್ಳಾರಿ ಸೀಮೆಯ ತಾಲ್ಲೂಕುಗಳು ಮದ್ರಾಸಿನ ಆಡಳಿತದಲ್ಲಿದ್ದವು. ಕಚೇರಿಗೆ ಹೋದ ರೈತನ ಕಿವಿಗೆ ತೆಲುಗಿನ ‘ಅಯ್ಯಾ’, ತಮಿಳಿನ ‘ಐಯಾ’ ಎರಡೂ ಬೀಳುತ್ತಿದ್ದವು. ಅರ್ಜಿ ಕೊಡುವವನು ಅಮಲ್ದಾರನನ್ನು ಕರೆಯುವ ಮಾತು ಅದು. ತಮಿಳರಲ್ಲಿ ಇದೇ ‘ಐಯ’ ಬಹುವಚನ ಸೇರಿ ‘ಐಯರ್’ ಆಯಿತು. ಗೌರವದ ಮಾತು ಹೋಗಿ ಒಂದು ಜಾತಿಯ ಹೆಸರಾಗಿ ನಿಂತಿತು. ನಮ್ಮಲ್ಲಿ ಆದದ್ದೂ ಹೆಚ್ಚುಕಡಿಮೆ ಅದೇ. ಆದರೂ ತಮಿಳರು ಆ ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. ತಿರುಕ್ಕುರಳನ್ನು 1886ರಲ್ಲಿ ಇಂಗ್ಲಿಷಿಗೆ ತಂದ ಜಿ.ಯು. ಪೋಪ್ ಎಂಬ ಕ್ರೈಸ್ತ ಪಾದ್ರಿಯನ್ನು ಅವರು ‘ಪೋಪ್ ಐಯರ್’ ಎಂದೇ ಕರೆದರು. ‘ಪೋಪ್’ ಎಂಬ ಮಾತಿನ ಮೂಲವೂ ‘ಪಾಪಾ’, ಅಂದರೆ ಅಪ್ಪ. ಹಾಗಾಗಿ ಅವರ ಹೆಸರಿನಲ್ಲಿ ತಂದೆ ಎರಡು ಸಲ ಕೂತಿದ್ದಾನೆ!

ಕನ್ಯಾಕುಮಾರಿಯ ಕಡೆ 19ನೆಯ ಶತಮಾನದಲ್ಲಿ ಅಯ್ಯಾ ವೈಕುಂಠರ್ ಎಂಬ ಸಂತರಾಗಿಹೋದರು. ಮೇಲುಕುಲದವರ ಎದುರು ತಲೆಗೆ ರುಮಾಲು ಸುತ್ತುವುದಕ್ಕೂ ಅಪ್ಪಣೆಯಿಲ್ಲದ ಜನ ಅವರ ಬಳಿ ಸೇರಿದರು, ಅವರನ್ನು ‘ಅಯ್ಯಾ’ ಎಂದರು. ಆ ಪಂಥಕ್ಕೆ ಇಂದಿಗೂ ‘ಅಯ್ಯಾವಳಿ’ ಎಂದು ಹೆಸರು, ತಂದೆಯ ದಾರಿ ಎಂದರ್ಥ. ಕೇರಳದಲ್ಲಿ ದಲಿತರ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಸಲು ಹೋರಾಡಿದ ಅಯ್ಯಂಕಾಳಿ (1863–1941) ಅವರ ಹೆಸರಿನಲ್ಲಿಯೂ ಈ ಅಯ್ಯನೇ ಇದ್ದಾನೆ. ಕಡಲು ದಾಟಿ ಸಿಂಹಳಕ್ಕೆ ಹೋದರೆ ‘ಅಯ್ಯಾ’ ಎಂದರೆ ಅಣ್ಣ. ಇನ್ನೂ ಒಂದು ವಿಶೇಷ ಹೇಳಬೇಕು. ಬೌದ್ಧರಲ್ಲಿ ಭಿಕ್ಷುಣಿಯರನ್ನು, ಅಂದರೆ ಹೆಣ್ಣುಮಕ್ಕಳನ್ನು, ‘ಅಯ್ಯಾ’ ಎಂದು ಗೌರವದಿಂದ ಕರೆಯುತ್ತಾರೆ. ಕನ್ನಡದ ಅಯ್ಯ ಮಾತ್ರ ಗಂಡಸರಲ್ಲೇ ಉಳಿದುಕೊಂಡ. ಶರಣೆಯರಿಗೆ ‘ಅಕ್ಕ’, ‘ಅವ್ವೆ’, ‘ಅಮ್ಮ’ ಸಂದವು.

ಮನೆಯ ತಂದೆಯ ಹೆಸರನ್ನು ಗುರುವಿಗೆ ಕೊಟ್ಟವರು ನಾವಷ್ಟೇ ಅಲ್ಲ. ಯೇಸುಸ್ವಾಮಿ ಆಡುತ್ತಿದ್ದ ಅರಾಮಾಯಿಕ್ ಭಾಷೆಯಲ್ಲಿ ‘ಅಬ್ಬಾ’ ಎಂದರೆ ತಂದೆ. ಕ್ರೈಸ್ತ ಮಠಗಳ ಯಜಮಾನನಿಗೆ ಇಂಗ್ಲಿಷಿನಲ್ಲಿ ‘ಆ್ಯಬಟ್’ ಎಂಬ ಹೆಸರು ಬಂದದ್ದು ಅಲ್ಲಿಂದ. ಮೊಹರಂ ಬಂದಾಗ ನಮ್ಮ ಊರುಗಳಲ್ಲಿ ಕೂಡಿಸುವ ಪೀರಲ ದೇವರ ‘ಪೀರ್’ ಪಾರಸಿ ಮಾತು, ವಯಸ್ಸಾದವನು ಎಂದರ್ಥ. ಅರಬ್ಬೀ ‘ಶೇಖ್’ ಎಂದರೂ ಹಿರಿಯನೇ. ಇಂಗ್ಲಿಷಿನ ‘ಪ್ರೀಸ್ಟ್’ ಗ್ರೀಕರ ಭಾಷೆಯಲ್ಲಿ ಹಿರಿಯ. ಇಂದು ಬ್ಯಾಂಕಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ ಅಯ್ಯಾ ಎನ್ನುವುದನ್ನು ಬಿಟ್ಟು ‘ಸರ್’ ಎನ್ನುತ್ತೇವಲ್ಲ, ಅದೂ ಲ್ಯಾಟಿನ್ನಿನ ‘ಸೀನಿಯರ್’ ಎಂಬ ಮಾತಿನ ಸವೆದ ರೂಪ. ಅರ್ಥ ಮತ್ತೆ ಅದೇ, ಹಿರಿಯ. ನಮ್ಮ ಮಾತನ್ನು ಬಿಟ್ಟು ಅದೇ ಅರ್ಥದ ಪರದೇಶದ ಮಾತನ್ನು ಸಾಲ ತಂದೆವು, ಅಷ್ಟೇ.

ಕೇಳುವುದಕ್ಕೆ ಹತ್ತಿರವಾದದ್ದೆಲ್ಲ ನೆಂಟರಲ್ಲ ಎಂಬುದನ್ನೂ ಹೇಳಿಬಿಡೋಣ. ಅಂಗನವಾಡಿಯ, ಆಸ್ಪತ್ರೆಯ ‘ಆಯಾ’ ನಮ್ಮ ಅಯ್ಯನ ಕಡೆಯವಳಲ್ಲ. ಮಕ್ಕಳನ್ನು ನೋಡಿಕೊಳ್ಳುವವಳು ಎಂಬ ಅರ್ಥದ ಪೋರ್ಚುಗೀಸರ ಮಾತು ಅದು, ಅವರ ಹಡಗಿನಲ್ಲಿ ಬಂದದ್ದು. ಸುಗ್ಗಿಯಲ್ಲಿ ಕಣದ ರಾಶಿಯಿಂದ ಬಡಿಗ, ಕಮ್ಮಾರ, ಕುಂಬಾರರಿಗೆ ಅಳೆದುಕೊಡುತ್ತಿದ್ದ ‘ಆಯ’ವೂ ಬೇರೆ, ಅದು ಸಂಸ್ಕೃತದ ಆದಾಯ. ಕಣದಲ್ಲಿ ಅಯ್ಯನವರಿಗೂ ಆಯ ಸಲ್ಲುತ್ತಿತ್ತಾದ್ದರಿಂದ ಎರಡೂ ಒಂದೇ ಎಂದು ಕೆಲವರು ತಿಳಿದಿರುವುದುಂಟು.

ಈಗ ಮೊದಲು ಎತ್ತಿದ ಮಾತಿಗೆ ಬರೋಣ. 12ನೆಯ ಶತಮಾನದ ಶಾಸನಗಳನ್ನು ನೋಡಿದರೆ ದಂಡನಾಯಕರು, ಅಧಿಕಾರಿಗಳು, ವಿಪ್ರರು ಇಂಥವರ ಹೆಸರಿನ ಕೊನೆಗೆ ‘ಅಯ್ಯ’ ಕಾಣುತ್ತದೆ. ಅದು ಒಡೆಯರ ಪದವಿ. ಅದೇ ಕಾಲದ ಕಲ್ಯಾಣದ ಕಡೆ ತಿರುಗಿ ಶರಣರ ಹೆಸರುಗಳನ್ನು ನಿಧಾನವಾಗಿ ಓದಿ. ಮಾದಾರ ಚೆನ್ನಯ್ಯ. ಡೋಹರ ಕಕ್ಕಯ್ಯ. ಮಡಿವಾಳ ಮಾಚಯ್ಯ. ಅಂಬಿಗರ ಚೌಡಯ್ಯ. ಮೇದರ ಕೇತಯ್ಯ. ಕುಂಬಾರ ಗುಂಡಯ್ಯ. ನುಲಿಯ ಚಂದಯ್ಯ. ಒಕ್ಕಲಿಗ ಮುದ್ದಯ್ಯ. ಸಮಗಾರ ಹರಳಯ್ಯ. ಇವರಲ್ಲಿ ಚೆನ್ನಯ್ಯನಂಥ ಕೆಲವರು ಬಸವಣ್ಣನವರಿಗಿಂತ ಮೊದಲಿನವರು. ಹೆಸರಿನ ಮುಂದೆ ಇರುವುದು ತೊಗಲು, ಬಟ್ಟೆ, ದೋಣಿ, ಬಿದಿರು, ಮಣ್ಣು, ಹಗ್ಗ, ನೇಗಿಲು, ಕೆರ. ಹೆಸರಿನ ಹಿಂದೆ ಇರುವುದು ಒಡೆಯ ಎಂಬ ಪದವಿ. ಕಾಯಕವನ್ನು ಮುಚ್ಚಿಡಲಿಲ್ಲ, ಅಯ್ಯನನ್ನು ತಪ್ಪಿಸಲೂ ಇಲ್ಲ. ಬಿಜ್ಜಳನ ಭಂಡಾರವನ್ನು ಕೈಯಲ್ಲಿಟ್ಟುಕೊಂಡಿದ್ದ ಬಸವಣ್ಣನವರಾದರೋ ಬರೀ ‘ಅಣ್ಣ’ನಾಗಿ ಉಳಿದರು. ಅವರು ತಮ್ಮ ವಚನದಲ್ಲಿ ಚೆನ್ನಯ್ಯನನ್ನೂ ಕಕ್ಕಯ್ಯನನ್ನೂ ತಂದೆಯ ಸಾಲಿನ ನೆಂಟರೆಂದು ಹೇಳಿಕೊಂಡದ್ದನ್ನು ತಾವು ಭಜನೆಯಲ್ಲಿ ಕೇಳಿದ್ದೀರಿ. ಮುಂದೆ ನಮ್ಮ ಹಂಪೆಯ ಹರಿಹರ ಕವಿ ರಗಳೆ ಬರೆಯಲು ಕೂತಾಗ ಕುಂಬಾರ ಗುಂಡಯ್ಯನಿಗೂ ಮಾದಾರ ಚೆನ್ನಯ್ಯನಿಗೂ ಒಂದೊಂದು ರಗಳೆ ಮೀಸಲಿಟ್ಟ. ಅಯ್ಯ ಎಂಬುದನ್ನು ಅವನೂ ಬಿಡಲಿಲ್ಲ.

ಇದರ ಬೆಲೆ ತಿಳಿಯಬೇಕಾದರೆ ಊರಿನ ಹಳೆಯ ಕಾಗದಪತ್ರಗಳನ್ನು ತೆಗೆದು ನೋಡಬೇಕು. ಗೌಡರ, ಶಾನುಭೋಗರ ಹೆಸರು ಪೂರ್ತಿ ಇರುತ್ತದೆ. ಕೇರಿಯವರ ಹೆಸರು ‘ದುರುಗ ಬಿನ್ ಹನುಮ’ ಎಂದು ಅರ್ಧಕ್ಕೇ ನಿಂತಿರುತ್ತದೆ. ಅಪ್ಪ ಇಲ್ಲ, ಅಯ್ಯ ಇಲ್ಲ, ಅಣ್ಣನೂ ಇಲ್ಲ. ಎಪ್ಪತ್ತು ದಾಟಿದ ಮುದುಕನನ್ನೂ ಹತ್ತು ವರ್ಷದ ಹುಡುಗ ‘ಏ ದುರುಗಾ’ ಎಂದು ಕೂಗಿದ್ದನ್ನು ಕೇಳಿಸಿಕೊಂಡ ಹಿರಿಯರು ಇನ್ನೂ ಇದ್ದಾರೆ. ಕಲ್ಯಾಣದಲ್ಲಿ ಒಂದು ಕಾಲಕ್ಕೆ ಚಮ್ಮಾರಿಕೆಯವನಿಗೂ ಸಂದ ಮಾತು ನಮ್ಮ ಕಾಲಕ್ಕೆ ಬರುವಷ್ಟರಲ್ಲಿ ಕೇರಿಯ ಬಾಗಿಲಲ್ಲೇ ನಿಂತುಬಿಟ್ಟಿತ್ತು. ಅಯ್ಯನವರೆಂದು ಕರೆಸಿಕೊಳ್ಳುವ ಮನೆತನಗಳ ಮೇಲೆ ನಾವು ತಪ್ಪು ಹೊರಿಸುತ್ತಿಲ್ಲ. ಮಠದ ಅಯ್ಯನವರಿಗೆ ಆ ಗೌರವ ಸಲ್ಲಲಿ. ಅವರಿಗಷ್ಟೇ ಸಲ್ಲಬೇಕು ಎಂಬ ಮಾತಿಗೆ ವಚನಗಳಲ್ಲಿ ಆಧಾರವಿಲ್ಲ ಎಂದಷ್ಟೇ ನಮ್ಮ ಅಭಿಪ್ರಾಯ.

ಹಳೇ ಮೈಸೂರಿನ ಕಡೆ ಈ ವಿಷಯದಲ್ಲಿ ಸ್ವಲ್ಪ ಹಗುರಾಗಿದ್ದಾರೆ. ಅಲ್ಲಿ ವಿಶ್ವೇಶ್ವರಯ್ಯ, ಶ್ರೀಕಂಠಯ್ಯ, ಹನುಮಂತಯ್ಯ ಎಂದು ಎಲ್ಲ ಕುಲಗಳಲ್ಲಿಯೂ ಅಯ್ಯ ಉಂಟು. ಹೆಸರು ಕೇಳಿ ಕುಲ ಹೇಳಲಾಗದು. ನಮ್ಮ ಸೀಮೆಯ ಹೊಸ ಮಕ್ಕಳಿಗೆ ಅಯ್ಯನೂ ಬೇಡ, ಅಪ್ಪನೂ ಬೇಡ. ಕೊಟ್ರಯ್ಯನ ಮೊಮ್ಮಗನೂ ಕೊಟ್ರೇಶ, ಕೊಟ್ರಪ್ಪನ ಮೊಮ್ಮಗನೂ ಕೊಟ್ರೇಶ. ಶಾಲೆಯ ಹಾಜರಿ ಪುಸ್ತಕದಲ್ಲಿ ಇಬ್ಬರು ಕೊಟ್ರೇಶರಿಗೆ ಒಂದು, ಎರಡು ಎಂದು ನಂಬರು ಹಾಕುತ್ತಾರೆ.

ಆದರೂ ಒಂದು ಕಡೆ ಈ ಮಾತು ಯಾರನ್ನೂ ಕೇಳದೆ ಎಲ್ಲರ ಬಾಯಲ್ಲಿಯೂ ಉಳಿದಿದೆ. ಎತ್ತು ಕಾಲು ತುಳಿದಾಗ, ಕಾವಲಿ ಮುಟ್ಟಿ ಕೈ ಸುಟ್ಟಾಗ, ಕೆಟ್ಟ ಸುದ್ದಿ ಬಂದಾಗ ನಾವು ‘ಅಯ್ಯೋ’ ಎನ್ನುತ್ತೇವೆ. ಅದು ಅಯ್ಯನನ್ನು ಕೂಗಿ ಕರೆದ ರೂಪವೇ ಎಂದು ಪಂಡಿತರು ಹೇಳುತ್ತಾರೆ, ‘ಯಪ್ಪಾ’, ‘ಯವ್ವಾ’ ಎಂದು ನರಳುವ ಹಾಗೆ. ಕನ್ನಡಿಗರು, ತೆಲುಗರು, ತಮಿಳರು, ಮಲಯಾಳಿಗಳು, ಸಿಂಹಳೀಯರು ಎಲ್ಲರೂ ಹೀಗೇ ಕೂಗುತ್ತಾರೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ನಿಘಂಟಿನವರು 2016ರಲ್ಲಿ ಈ ಉದ್ಗಾರವನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡರು. ಅದರ ಪಕ್ಕದಲ್ಲೇ ಚೀನಿಯರ ‘ಆಯ್ಯಾ’ ಎಂಬ ಉದ್ಗಾರಕ್ಕೂ ಜಾಗ ಕೊಟ್ಟಿದ್ದಾರೆ. ಅದು ನಮ್ಮದಲ್ಲ, ಬೇರೆ ಮೂಲದ್ದು.