ಆಟಗಾರನ ಆಯ್ಕೆಯಲ್ಲಿ ನಡತೆಯ ಲೆಕ್ಕ

ತಂಡಕ್ಕೆ ಆಟಗಾರರನ್ನು ಆರಿಸುವವರ ಕೈಯಲ್ಲಿ ರನ್ನುಗಳ ಪಟ್ಟಿ ಇರುತ್ತದೆ, ಓಟದ ಸಮಯ ಇರುತ್ತದೆ, ಕಬಡ್ಡಿಯಾದರೆ ರೈಡಿಂಗ್‌ನಲ್ಲಿ ಬಂದ ಪಾಯಿಂಟು ಇರುತ್ತದೆ. ನಡತೆಗೆ ಅಂಥ ಪಟ್ಟಿ ಇಲ್ಲ. ಹಾಗೆಂದು ಅದು ಯಾರಿಗೂ ಗೊತ್ತಿಲ್ಲದ ಸಂಗತಿಯೂ ಅಲ್ಲ. ಅಂಪೈರ್ ಮೇಲೆ ಕೈ ಎತ್ತಿದ್ದು, ಕಿರಿಯ ಆಟಗಾರನಿಗೆ ಹೊಡೆದದ್ದು, ವಯಸ್ಸು ಮುಚ್ಚಿಟ್ಟದ್ದು, ಸೋಲುವುದಕ್ಕೆ ದುಡ್ಡು ಪಡೆದನೆಂಬ ಮಾತು ಹಬ್ಬಿದ್ದು ಇವೆಲ್ಲ ಮೈದಾನದ ಅಂಚಿನಲ್ಲಿ ನಿಂತವರಿಗೆ ಮೊದಲೇ ತಿಳಿದಿರುತ್ತವೆ. ಪ್ರಶ್ನೆ ಇರುವುದು ತಿಳಿದ ಮೇಲೆ ಏನು ಮಾಡಬೇಕು ಎಂಬಲ್ಲಿ.

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಈ ಪ್ರಶ್ನೆ ಶಾಲಾ ಕ್ರೀಡಾಕೂಟದಲ್ಲೇ ಎದುರಾಗುತ್ತದೆ. ಹೋಬಳಿ ಗೆದ್ದರೆ ತಾಲ್ಲೂಕು, ತಾಲ್ಲೂಕು ಗೆದ್ದರೆ ಜಿಲ್ಲೆ. ಒಂದು ಶಾಲೆಗೆ ಒಬ್ಬನೇ ಒಳ್ಳೆಯ ರೈಡರ್ ಇದ್ದಾಗ, ಅವನು ಜೊತೆಯವರನ್ನು ಬೈದರೂ ತಳ್ಳಿದರೂ ದೈಹಿಕ ಶಿಕ್ಷಕರ ಬಾಯಲ್ಲಿ ಬರುವ ಮಾತು ಹೆಚ್ಚುಕಡಿಮೆ ಒಂದೇ: ಹುಡುಗ ಚೆನ್ನಾಗಿ ಆಡ್ತಾನೆ, ಸ್ವಲ್ಪ ಕೊಬ್ಬು ಅಷ್ಟೆ, ಫೈನಲ್ ಮುಗೀಲಿ ನೋಡೋಣ. ಹಬ್ಬದ ಹೊತ್ತಿನ ಹೊನಲು ಬೆಳಕಿನ ಕಬಡ್ಡಿಯಲ್ಲಿ ಈ ಉದಾರತೆ ಇನ್ನೂ ದೊಡ್ಡದು. ಅಲ್ಲಿ ನಗದು ಬಹುಮಾನ ಇರುತ್ತದೆ, ಗದರಿಸಿದರೆ ಹುಡುಗ ಪಕ್ಕದ ಊರಿನ ತಂಡಕ್ಕೆ ಹೋಗಿಬಿಡುತ್ತಾನೆಂಬ ಭಯವೂ ಇರುತ್ತದೆ. ಫೈನಲ್ ಮುಗಿದ ಮೇಲೆ ಯಾರೂ ನೋಡುವುದಿಲ್ಲ. ತನಗೆ ನಿಯಮ ಬೇರೆ ಎಂದು ಹುಡುಗ ಕಲಿಯುತ್ತಾನೆ. ಅದನ್ನು ಕಲಿಸಿದವರು ಹಿರಿಯರೇ.

ದೊಡ್ಡ ಮಟ್ಟದಲ್ಲಿ ಕಣ್ಣು ಮುಚ್ಚದೆ ನಡೆದುಕೊಂಡ ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಕ್ರಿಕೆಟಿಗರಾದ ಕರ್ನಾಟಕದ ಕೆ.ಎಲ್. ರಾಹುಲ್ ಮತ್ತು ಹಾರ್ದಿಕ್ ಪಾಂಡ್ಯ ಭಾಗವಹಿಸಿದ್ದ ಟೀವಿ ಕಾರ್ಯಕ್ರಮವೊಂದು 2019ರ ಜನವರಿಯಲ್ಲಿ ಪ್ರಸಾರವಾಯಿತು. ಅಲ್ಲಿ ಹೆಣ್ಣುಮಕ್ಕಳ ಬಗ್ಗೆ ಬಂದ ಮಾತುಗಳು, ಮುಖ್ಯವಾಗಿ ಪಾಂಡ್ಯ ಆಡಿದವು, ದೇಶದಾದ್ಯಂತ ಟೀಕೆಗೆ ಗುರಿಯಾದವು. ಭಾರತ ತಂಡ ಆಗ ಆಸ್ಟ್ರೇಲಿಯಾದಲ್ಲಿತ್ತು, ವಿಶ್ವಕಪ್‌ಗೆ ಐದೇ ತಿಂಗಳು ಉಳಿದಿತ್ತು. ಬಿಸಿಸಿಐ ಇಬ್ಬರನ್ನೂ ಅಮಾನತು ಮಾಡಿ ಊರಿಗೆ ಕಳಿಸಿತು. ಎರಡು ವಾರದ ಬಳಿಕ ಅಮಾನತು ತೆರವಾಯಿತು, ಆದರೆ ವಿಚಾರಣೆ ನಿಲ್ಲಲಿಲ್ಲ. ಏಪ್ರಿಲ್‌ನಲ್ಲಿ ಬಿಸಿಸಿಐನ ಒಂಬುಡ್ಸ್‌ಮನ್ ಡಿ.ಕೆ. ಜೈನ್ ತಲಾ 20 ಲಕ್ಷ ರೂಪಾಯಿ ದಂಡ ಹಾಕಿದರು: 10 ಲಕ್ಷ ಕರ್ತವ್ಯದಲ್ಲಿ ಮಡಿದ ಅರೆಸೇನಾ ಪಡೆಯ ಹತ್ತು ಕಾನ್‌ಸ್ಟೆಬಲ್‌ಗಳ ಪತ್ನಿಯರಿಗೆ, ಉಳಿದ 10 ಲಕ್ಷ ಅಂಧರ ಕ್ರಿಕೆಟ್‌ಗೆ.

ಈ ನಡುವೆ ನಡೆದದ್ದು ಶಿಕ್ಷೆಗಿಂತ ಮುಖ್ಯ. ರಾಹುಲ್‌ರನ್ನು ಭಾರತ ಎ ತಂಡದಲ್ಲಿ ಆಡಿಸಲಾಯಿತು. ಆ ತಂಡದ ಕೋಚ್ ರಾಹುಲ್ ದ್ರಾವಿಡ್. ಫೆಬ್ರವರಿಯಲ್ಲಿ ಇಂಗ್ಲೆಂಡ್ ಲಯನ್ಸ್ ವಿರುದ್ಧದ ಪಂದ್ಯವೊಂದು ಮೈಸೂರಿನ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಮೈದಾನದಲ್ಲೇ ನಡೆಯಿತು. ರಾಹುಲ್ ಅದರಲ್ಲಿ 81 ರನ್ ಗಳಿಸಿದರು. ಆ ದಿನಗಳಲ್ಲಿ ದ್ರಾವಿಡ್ ಜೊತೆ ಕಳೆದ ಸಮಯ ತಮಗೆ ನೆರವಾಯಿತೆಂದು ಅವರೇ ಮುಂದೆ ಹೇಳಿದ್ದಾರೆ. ಆ ವರ್ಷದ ಐಪಿಎಲ್‌ನಲ್ಲಿ 593 ರನ್ ಬಂದವು, ವಿಶ್ವಕಪ್ ತಂಡದಲ್ಲಿ ಜಾಗ ಸಿಕ್ಕಿತು, 2022ರ ಜನವರಿಯಲ್ಲಿ ಜೊಹಾನೆಸ್‌ಬರ್ಗ್ ಟೆಸ್ಟ್‌ಗೆ ಅವರೇ ನಾಯಕರಾದರು. ತಪ್ಪನ್ನು ತಪ್ಪೆಂದ ಮಾತ್ರಕ್ಕೆ ಪ್ರತಿಭೆ ಹಾಳಾಗಲಿಲ್ಲ. ತಡೆದು ನಿಲ್ಲಿಸಿದವರೇ ಹಿಂದಿರುಗುವ ದಾರಿಯನ್ನೂ ತೆರೆದಿಟ್ಟಿದ್ದರು.

ಅದೇ ಮೈದಾನದಲ್ಲಿ ಅದೇ ವರ್ಷ ಆಗಸ್ಟ್ 31ರಂದು ಕರ್ನಾಟಕ ಪ್ರೀಮಿಯರ್ ಲೀಗ್‌ನ ಫೈನಲ್ ನಡೆಯಿತು. ಹುಬ್ಬಳ್ಳಿ ಟೈಗರ್ಸ್ ತಂಡ ಬಳ್ಳಾರಿ ಟಸ್ಕರ್ಸ್ ತಂಡವನ್ನು ಎಂಟು ರನ್‌ಗಳಿಂದ ಸೋಲಿಸಿತು. ಕೆಲವೇ ವಾರಗಳಲ್ಲಿ ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗದ ಪೊಲೀಸರು ಲೀಗ್‌ನ ಬೆಟ್ಟಿಂಗ್, ಫಿಕ್ಸಿಂಗ್ ಆರೋಪಗಳ ತನಿಖೆ ಕೈಗೆತ್ತಿಕೊಂಡರು. ಒಂದು ತಂಡದ ಮಾಲೀಕರ ಬಂಧನವಾಯಿತು, ಫೈನಲ್ ಆಡಿದ ಬಳ್ಳಾರಿ ತಂಡದ ಇಬ್ಬರು ಆಟಗಾರರ ಬಂಧನ ನವೆಂಬರ್‌ನಲ್ಲಿ ಆಯಿತು. 2022ರ ಜನವರಿಯಲ್ಲಿ ಹೈಕೋರ್ಟ್ ಆರೋಪಿಗಳ ಮೇಲಿನ ವಂಚನೆ ಪ್ರಕರಣವನ್ನು ರದ್ದುಮಾಡಿತು: ಮ್ಯಾಚ್ ಫಿಕ್ಸಿಂಗ್ ಆಟಗಾರನ ಅಪ್ರಾಮಾಣಿಕತೆಯನ್ನು ತೋರಿಸಬಹುದು, ಆದರೆ ದಂಡ ಸಂಹಿತೆಯ 420ನೇ ಕಲಮಿನಡಿ ಅದು ವಂಚನೆಯಾಗದು, ಶಿಸ್ತುಕ್ರಮ ಕೈಗೊಳ್ಳಬೇಕಾದದ್ದು ಕ್ರಿಕೆಟ್ ಮಂಡಳಿ ಎಂಬುದು ಆ ತೀರ್ಪಿನ ಸಾರ. ಬಂಧನಕ್ಕೊಳಗಾದವರನ್ನು ಆದ್ದರಿಂದ ಅಪರಾಧಿಗಳೆಂದು ಕರೆಯುವಂತಿಲ್ಲ. ಆದರೆ ಆ ತೀರ್ಪು ಎತ್ತಿ ತೋರಿಸಿದ ಹೊಣೆ ಗಂಭೀರವಾದದ್ದು. ನಡತೆಯ ಎಷ್ಟೋ ದೋಷಗಳು ಪೊಲೀಸರ ಕೈಗೆ ಬರುವಂಥವಲ್ಲ. ತಂಡ ಮತ್ತು ಸಂಸ್ಥೆ ನೋಡದಿದ್ದರೆ ಇನ್ನು ಯಾರೂ ನೋಡುವವರಿರುವುದಿಲ್ಲ. ಇಂಥ ದೋಷದ ಸುಳಿವು ಹುಡುಕಬೇಕಾದದ್ದು ಆಟಗಾರರಲ್ಲಿ ಮಾತ್ರವೂ ಅಲ್ಲ. 2018ರ ಮಾರ್ಚ್‌ನಲ್ಲಿ ಕೇಪ್‌ಟೌನ್‌ನಲ್ಲಿ ಚೆಂಡು ವಿರೂಪಗೊಳಿಸಿದ್ದಕ್ಕೆ ಸ್ಟೀವ್ ಸ್ಮಿತ್, ಡೇವಿಡ್ ವಾರ್ನರ್ ಒಂದು ವರ್ಷ ಹೊರಗುಳಿದರು. ಆಮೇಲೆ ನಡೆದ ಪರಾಮರ್ಶೆ, ಹೇಗಾದರೂ ಗೆಲ್ಲಬೇಕೆಂಬ ವಾತಾವರಣ ಬೆಳೆಸಿದ ಆಸ್ಟ್ರೇಲಿಯಾದ ಕ್ರಿಕೆಟ್ ಮಂಡಳಿಯತ್ತಲೇ ಬೊಟ್ಟುಮಾಡಿತು.

ತಾಲ್ಲೂಕು ಮಟ್ಟದಲ್ಲಿ ಹೇಗಾದರೂ ಗೆಲ್ಲಬೇಕೆಂಬ ಈ ಹಟ ಕಾಣಿಸುವುದು ವಯಸ್ಸಿನ ಸುಳ್ಳಿನಲ್ಲಿ. ಹದಿನಾಲ್ಕರೊಳಗಿನವರ ಆಟದಲ್ಲಿ ಹದಿನಾರರ ಹುಡುಗ ನಿಂತರೆ ಅವನ ಮೈಬಲವೇ ಪ್ರತಿಭೆಯಂತೆ ಕಾಣುತ್ತದೆ, ನಿಜವಾದ ಹದಿಮೂರರವನು ಮನೆಗೆ ಹೋಗುತ್ತಾನೆ. 2015ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ನೀಡಿದ ದ್ರಾವಿಡ್ ಇದನ್ನೇ ಕಟುವಾಗಿ ಎತ್ತಿದರು: ಅಪ್ಪ ಅಮ್ಮ ಮತ್ತು ಕೋಚ್ ಸೇರಿ ಸುಳ್ಳು ಜನನಪತ್ರ ಮಾಡಿಸುವುದನ್ನು ಕಂಡ ಮಗು ಮೋಸವನ್ನೇ ಕಲಿಯುವುದಿಲ್ಲವೇ ಎಂಬುದು ಅವರ ಪ್ರಶ್ನೆಯಾಗಿತ್ತು. 2020ರಲ್ಲಿ ಬಿಸಿಸಿಐ ಒಂದು ಅವಕಾಶ ಕೊಟ್ಟಿತು. ಆ ಸೆಪ್ಟೆಂಬರ್ 15ರೊಳಗೆ ತಾವಾಗಿ ಒಪ್ಪಿಕೊಂಡವರಿಗೆ ಶಿಕ್ಷೆಯಿರಲಿಲ್ಲ, ಸರಿಯಾದ ವಯೋಮಿತಿಯಲ್ಲಿ ಆಡಬಹುದಿತ್ತು. ಮುಚ್ಚಿಟ್ಟು ಸಿಕ್ಕಿಬಿದ್ದವರಿಗೆ ಎರಡು ವರ್ಷ ನಿಷೇಧ. ಒಪ್ಪಿಕೊಳ್ಳುವುದಕ್ಕೆ ಒಂದು ಬಾಗಿಲು ಇಡುವ ಈ ಕ್ರಮ ಶಾಲಾ ಕ್ರೀಡೆಗೂ ಒಪ್ಪುವಂಥದ್ದು. ಜೂನ್ 1ನ್ನೇ ಹುಟ್ಟಿದ ದಿನವೆಂದು ಬರೆಸಿ ಒಂದನೇ ತರಗತಿಗೆ ಸೇರಿದ ಹಳ್ಳಿಯ ಮಕ್ಕಳು ಕಡಿಮೆಯಿಲ್ಲ. ದಾಖಲೆಯಲ್ಲಿ ತಾರೀಖು ತಪ್ಪಿದ್ದೆಲ್ಲ ಮೋಸವಲ್ಲ.

ಹೀಗೆ ಸುಳಿವಿನಂತೆ ಕಂಡು ಸುಳಿವಾಗದ ಸಂಗತಿಗಳು ಈ ತಾಲ್ಲೂಕುಗಳಲ್ಲಿ ಬಹಳ. ಶಾಲಾ ಕ್ರೀಡಾಕೂಟಗಳು ನಡೆಯುವ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೇ ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆ ಹೊಗೆಸೊಪ್ಪು ಮುರಿಯುವ, ಬ್ಯಾರನ್ ಎಂಬ ಸೊಪ್ಪು ಒಣಗಿಸುವ ಮನೆಯಲ್ಲಿ ಹದಗೊಳಿಸುವ ಕೆಲಸ ಜೋರಾಗಿರುತ್ತದೆ. ರಾತ್ರಿಯೆಲ್ಲ ಬ್ಯಾರನ್ ಬೆಂಕಿ ಕಾದ ಮನೆಯ ಹುಡುಗ ಬೆಳಗಿನ ಅಭ್ಯಾಸಕ್ಕೆ ಬರದಿದ್ದರೆ ಅದು ಅಶಿಸ್ತಲ್ಲ. ಕೋಟೆಯ ಹಾಡಿಗಳಿಂದ ಕಾಫಿ ಕೊಯ್ಲಿಗೆಂದು ಕುಟುಂಬವೇ ಕೊಡಗಿಗೆ ಹೋದಾಗ ಒಳ್ಳೆಯ ಓಟಗಾರ್ತಿಯೊಬ್ಬಳು ವಾರಗಟ್ಟಲೆ ಕಾಣೆಯಾಗಬಹುದು. ಜೇನುಕುರುಬರ ಮಗು ಅಧಿಕಾರಿಯ ಎದುರು ಬಾಯಿ ಬಿಡದಿದ್ದರೆ ಅದನ್ನು ಅಹಂಕಾರವೆಂದು ಬರೆದುಕೊಳ್ಳುವುದು ಅನ್ಯಾಯ. ಜಾತಿ, ಬಡತನ, ಮಾತಿನ ಒರಟುತನ ಇವು ಯಾವುವೂ ನಡತೆಯ ಸಾಕ್ಷಿಯಲ್ಲ. ಸಾಕ್ಷಿಯಾಗುವುದು ಮಾಡಿದ ಕೆಲಸ, ಅದೂ ಇನ್ನೊಬ್ಬರಿಗೆ ನೋವು ಮಾಡಿದ ಅಥವಾ ಆಟಕ್ಕೆ ಸುಳ್ಳು ಬೆರೆಸಿದ ಕೆಲಸ.

ಇಂಥ ವ್ಯತ್ಯಾಸ ತಿಳಿಯುವುದು ದಿನವೂ ನೋಡುವವರಿಗೆ. ಮೈಸೂರು ಸೀಮೆಯ ಗರಡಿ ಮನೆಗಳಲ್ಲಿ ಉಸ್ತಾದ್ ಹುಡುಗನ ಪಟ್ಟು ನೋಡುವ ಮೊದಲು ಅವನು ಮಟ್ಟಿಯ ಮಣ್ಣಿಗೆ ಹೇಗೆ ಕಾಲಿಡುತ್ತಾನೆ, ಕಿರಿಯನ ಜೊತೆ ಹೇಗೆ ಹಿಡಿಯುತ್ತಾನೆ ಎಂದು ಗಮನಿಸುತ್ತಾರೆ. ದಸರಾ ಕುಸ್ತಿಗೆ ಜೋಡಿ ಕಟ್ಟುವಾಗ ಬೇಕಾಗುವುದು ಬಲದ ಅಳತೆ. ಗರಡಿಯೊಳಗೆ ಅದಕ್ಕೆ ಮೊದಲೇ ಬೇರೊಂದು ಅಳತೆ ನಡೆದಿರುತ್ತದೆ. ವರ್ಷಕ್ಕೊಂದು ಆಯ್ಕೆ ಶಿಬಿರ ನಡೆಸುವ ತಂಡಕ್ಕೆ ಆ ಅನುಕೂಲವಿಲ್ಲ. ಅಲ್ಲಿ ದೈಹಿಕ ಶಿಕ್ಷಕರನ್ನು, ಹಿಂದಿನ ತಂಡದ ಕಿರಿಯ ಆಟಗಾರರನ್ನು ಕೇಳಿ ತಿಳಿಯಬೇಕು. ಕಿರಿಯರ ಮಾತಿಗೇ ಹೆಚ್ಚು ಬೆಲೆ, ಏಕೆಂದರೆ ಕೋಚ್ ಎದುರು ಎಲ್ಲರೂ ವಿನಯವಂತರು.

ಒಂದು ವಿಷಯದಲ್ಲಿ ತಂಡಕ್ಕೆ ತೂಗಿನೋಡುವ ಅಧಿಕಾರವೇ ಇಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಸಂಗತಿ ತಿಳಿದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಾಡಿದವನು ಆಟಗಾರನೋ ಕೋಚೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಉಳಿದ ತಪ್ಪುಗಳಿಗೆ ಕ್ರಮ ಸಣ್ಣದಾಗಿ, ಬೇಗ ಆಗಬೇಕು. ಅಂಪೈರ್‌ಗೆ ಬೈದ ಹುಡುಗ ಮುಂದಿನ ಪಂದ್ಯ ಹೊರಗೆ ಕೂರುವುದು, ಅದು ಫೈನಲ್ ಆದರೂ ಸರಿ. ತೀರ್ಮಾನ ಕೋಚ್ ಒಬ್ಬರದೇ ಆಗದೆ ಶಾಲೆಯ ಅಥವಾ ಕ್ಲಬ್ಬಿನ ಇನ್ನಿಬ್ಬರು ಸೇರಿ ಮಾಡಬೇಕು, ಕಾರಣವನ್ನು ಹುಡುಗನಿಗೂ ಮನೆಯವರಿಗೂ ಬಿಡಿಸಿ ಹೇಳಬೇಕು. ಮತ್ತೆ ಯಾವ ದಿನದಿಂದ ಅಭ್ಯಾಸಕ್ಕೆ ಬರಬಹುದೆಂದು ಅದೇ ಮಾತಿನಲ್ಲಿ ತಿಳಿಸಬೇಕು.