ಪ್ರಬಂಧ ಮುಗಿಯುವ ಮುನ್ನ ಬಂದ ಕೆಲಸ

ಎಂ.ಎ. ಮುಗಿಸಿ ಪಿಎಚ್.ಡಿ. ಸಂಶೋಧನೆಗೆ ನಿಂತ ಮಕ್ಕಳಿರುವ ಮನೆಗಳು ಈಗ ಹಳ್ಳಿಗಳಲ್ಲಿಯೂ ವಿರಳವಲ್ಲ. ಮೊದಲ ಮೂರು ವರ್ಷಗಳು ಹೇಗೋ ಸಾಗುತ್ತವೆ. ನಾಲ್ಕನೆಯ ವರ್ಷಕ್ಕೆ ಕಾಲಿಡುವ ಹೊತ್ತಿಗೆ ಅನೇಕರಿಗೆ ವಿದ್ಯಾರ್ಥಿವೇತನ ನಿಂತಿರುತ್ತದೆ, ಪ್ರಬಂಧ ಮುಗಿದಿರುವುದಿಲ್ಲ, ಮನೆಯಲ್ಲಿ ಕೇಳುವವರ ಧ್ವನಿಯೂ ತುಸು ಏರಿರುತ್ತದೆ. ಸರಿಯಾಗಿ ಅದೇ ವೇಳೆಗೆ ಒಂದು ಅರೆಕಾಲಿಕ ಕೆಲಸ ಎದುರಿಗೆ ಬಂದು ನಿಲ್ಲುತ್ತದೆ. ಕನ್ನಡ ಓದಿದವರಿಗಾದರೆ ಅದು ಬಹುಮಟ್ಟಿಗೆ ಪ್ರಕಾಶನದ ಕೆಲಸ: ಕರಡು ತಿದ್ದುವುದು, ಹಸ್ತಪ್ರತಿಯನ್ನು ಒಪ್ಪಗೊಳಿಸುವುದು, ಬೆನ್ನುಡಿ ಬರೆಯುವುದು. ಒಪ್ಪಿಕೊಳ್ಳಬೇಕೋ ಬಿಡಬೇಕೋ ಎಂಬ ಪ್ರಶ್ನೆ ಮೇಲುನೋಟಕ್ಕೆ ಚಿಕ್ಕದು. ಆದರೆ ಅದನ್ನು ಸರಿಯಾಗಿ ತೂಗದೆ ಹೋದುದರಿಂದ ಪದವಿಯೇ ಕೈತಪ್ಪಿದ ಒಂದೆರಡು ಉದಾಹರಣೆಗಳನ್ನು ನಾವು ಬಲ್ಲೆವು.

ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿರುವ, ಬೆಳಗಾವಿ ಜಿಲ್ಲೆಯ ಒಕ್ಕಲುತನದ ಮನೆಯ ಹೆಣ್ಣುಮಗಳೊಬ್ಬಳು ಈಚೆಗೆ ನಮ್ಮಲ್ಲಿಗೆ ಬಂದಿದ್ದಳು. ಐದು ಅಧ್ಯಾಯಗಳಲ್ಲಿ ಮೂರು ಬರೆದಾಗಿವೆ. ಪ್ರಕಾಶಕರೊಬ್ಬರು ವಾರಕ್ಕೆ ಇಪ್ಪತ್ತು ಗಂಟೆಯ ಕೆಲಸ, ತಿಂಗಳಿಗೆ ಹನ್ನೆರಡು ಸಾವಿರ ರೂಪಾಯಿ ಎಂದಿದ್ದಾರೆ. "ಹೋಗ್ಲೋ ಬ್ಯಾಡೋ ನೀವ ಹೇಳ್ರಿ, ಗುರುಗಳ. ತಮ್ಮನ ಫೀ ಕಟ್ಟೂದೈತ್ರಿ. ಅಪ್ಪ ಬಾಯಿಬಿಟ್ಟು ಏನೂ ಕೇಳೂದಿಲ್ಲ, ಅದ ಹೆಚ್ಚಿನ ತ್ರಾಸ್ರಿ" ಎಂದಳು. ಮನೆಯಲ್ಲಿ ಇನ್ನೊಂದು ಮಾತೂ ನಡೆದಿತ್ತು. ಬರುವ ವರ್ಷದೊಳಗೆ ಪ್ರಬಂಧ ಸಲ್ಲಿಕೆಯಾಗದಿದ್ದರೆ ಮದುವೆಯ ಮಾತು ಮುಂದಾಗುತ್ತದೆ, ಓದು ಹಿಂದಾಗುತ್ತದೆ.

ನಾವು ಮೊದಲು ಕೇಳಿದ್ದು ನಿಯಮವನ್ನು. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿಯಂತೆ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ ದೊರೆಯಬಹುದು. ಮಹಿಳೆಯರಿಗೆ ಅದರ ಮೇಲೆ ಮತ್ತೆರಡು ವರ್ಷಗಳ ಸಡಿಲಿಕೆಯುಂಟು. ಅವಧಿಯ ಮಟ್ಟಿಗೆ ಆಕೆಗೆ ಆತುರವಿರಲಿಲ್ಲ. ಆತುರವಿದ್ದುದು ಮನೆಯ ಲೆಕ್ಕದಲ್ಲಿ. ಅದೇ ನಿಯಮಾವಳಿ ಅರೆಕಾಲಿಕ ಸಂಶೋಧನೆಗೂ ಅವಕಾಶ ಕೊಟ್ಟಿದೆ, ಆದರೆ ಉದ್ಯೋಗದಾತರ ನಿರಾಕ್ಷೇಪಣಾ ಪತ್ರ ಬೇಕು. ಪೂರ್ಣಾವಧಿಗೆ ಹೆಸರು ಹಚ್ಚಿದವರು ಮಾರ್ಗದರ್ಶಕರನ್ನೂ ವಿಭಾಗವನ್ನೂ ಲಿಖಿತವಾಗಿ ಕೇಳದೆ ಸಂಬಳಕ್ಕೆ ನಿಲ್ಲುವುದು ಸಲ್ಲದು. ಇನ್ನು ಜೆ.ಆರ್.ಎಫ್. ಪಡೆಯುತ್ತಿರುವವರ ವಿಷಯ ಸರಳ. 2023ರ ಜನವರಿಯಿಂದ ಅದು ತಿಂಗಳಿಗೆ 37,000 ರೂಪಾಯಿಗೆ, ಎಸ್.ಆರ್.ಎಫ್. 42,000ಕ್ಕೆ ಏರಿತು, ಅದನ್ನು ಪಡೆಯುವಾಗ ಬೇರೆಡೆ ವೇತನ ಪಡೆಯುವಂತಿಲ್ಲ. ಈ ಹೆಣ್ಣುಮಗಳಿಗೆ ಆ ಭಾಗ್ಯವಿರಲಿಲ್ಲ, ಆ ನಿರ್ಬಂಧವೂ ಇರಲಿಲ್ಲ.

ಕೆಲಸದ ಸ್ವರೂಪವನ್ನು ಮಾತ್ರ ಬಿಡಿಸಿ ನೋಡಬೇಕಾಯಿತು. ಮಠದ ಪಾಠಶಾಲೆಯಲ್ಲಿದ್ದ ಕಾಲಕ್ಕೆ ನಾವೂ ಮಠದ ಗ್ರಂಥಮಾಲೆಯ ಕರಡುಗಳನ್ನು ತಿದ್ದಿದವರು. ಆಗ ಮೊಳೆ ಜೋಡಿಸುವವರು ಮಸಿ ಆರದ ಹಾಳೆಗಳನ್ನು ಕಳಿಸುತ್ತಿದ್ದರು. ಈಗ ಮೊಳೆಗಳಿಲ್ಲ, ತಪ್ಪುಗಳು ಮಾತ್ರ ರೂಪ ಬದಲಿಸಿ ಉಳಿದುಕೊಂಡಿವೆ. ನುಡಿ, ಶ್ರೀಲಿಪಿಯಂಥ ಹಳೆಯ ಅಕ್ಷರವಿನ್ಯಾಸದ ಕಡತವನ್ನು ಯೂನಿಕೋಡಿಗೆ ತಿರುಗಿಸುವಾಗ ಕೆಲವೊಮ್ಮೆ ಅರ್ಕಾವತ್ತು ಜಾರುತ್ತದೆ, ಒತ್ತಕ್ಷರ ಪಕ್ಕದ ಅಕ್ಷರಕ್ಕೆ ಅಂಟುತ್ತದೆ. ಮೂಲದೊಡನೆ ಸಾಲುಸಾಲಾಗಿ ಹೋಲಿಸದೆ ಇವು ಕಣ್ಣಿಗೆ ಬೀಳುವುದಿಲ್ಲ. ಗಂಟೆಗೆ ಹತ್ತು ಪುಟ ತಿದ್ದಿದರೆ ಅದು ಒಳ್ಳೆಯ ವೇಗವೆನ್ನಬೇಕು. ಹದಿನಾರು ಪುಟದ ಒಂದು ಫಾರಂ ಮೊದಲ ಕರಡಿನಿಂದ ಕೊನೆಯ ಕರಡಿನವರೆಗೆ ಏನಿಲ್ಲವೆಂದರೂ ನಾಲ್ಕು ಗಂಟೆ ಬೇಡುತ್ತದೆ. 240 ಪುಟಗಳ ಪುಸ್ತಕವೆಂದರೆ 15 ಫಾರಂ, 60 ಗಂಟೆ. ವಾರಕ್ಕೆ ಇಪ್ಪತ್ತು ಗಂಟೆಯಂತೆ ಮೂರು ವಾರಕ್ಕೊಂದು ಪುಸ್ತಕ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದುಕೊಟ್ಟಾಗ ಆಕೆ ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತಳು.

ಗಂಟೆಗಳಿಗಿಂತ ದೊಡ್ಡ ತೊಡಕು ಬೇರೆಯಿದೆ. ಕರಡು ತಿದ್ದುವ ಕಣ್ಣು ಅಕ್ಷರವನ್ನು ಹಿಡಿಯುತ್ತದೆ, ಅರ್ಥವನ್ನು ಬಿಟ್ಟುಕೊಡುತ್ತದೆ. ಹಾಗೆ ಬಿಟ್ಟುಕೊಟ್ಟರೇನೇ ಅದು ಒಳ್ಳೆಯ ಕಣ್ಣು. ಬೆಳಗಿನಿಂದ ಅಂಥ ಓದಿನಲ್ಲಿ ಮುಳುಗಿದವರು ಸಂಜೆಗೆ ತಮ್ಮ ಪ್ರಬಂಧವನ್ನು ಎತ್ತಿಕೊಂಡರೆ ವಾಕ್ಯಗಳನ್ನು ತಿದ್ದುತ್ತಾರೆಯೇ ಹೊರತು ವಾದವನ್ನು ಮುಂದೆ ನಡೆಸುವುದಿಲ್ಲ. ಬರೆದ ಮೂರು ಅಧ್ಯಾಯಗಳು ನುಣುಪಾಗುತ್ತ ಹೋಗುತ್ತವೆ, ನಾಲ್ಕನೆಯದು ಹುಟ್ಟುವುದೇ ಇಲ್ಲ. ಇದರೊಡನೆ ಪ್ರಕಾಶನದ ಸುಗ್ಗಿಯ ಕಾಲವನ್ನೂ ಗಮನಿಸಬೇಕು. ರಾಜ್ಯೋತ್ಸವದ ಬಿಡುಗಡೆಗಳು ನವೆಂಬರಿನಲ್ಲಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಆಯಾ ವರ್ಷ ಅಚ್ಚಾದ ಪುಸ್ತಕ ಬೇಕೆಂದು ಡಿಸೆಂಬರಿನಲ್ಲಿ ಮತ್ತೊಂದು ಧಾವಂತ. ಆ ಎರಡು ತಿಂಗಳು ಅರೆಕಾಲಿಕವೆಂಬ ಮಾತಿಗೆ ಅರ್ಥವುಳಿಯುವುದಿಲ್ಲ. ಇಪ್ಪತ್ತು ಗಂಟೆ ಸದ್ದಿಲ್ಲದೆ ನಲವತ್ತಾಗುತ್ತದೆ.

ಹಾಗೆಂದು ಕೆಲಸವನ್ನು ಹಳಿಯುವವರು ನಾವಲ್ಲ. ಅಕ್ಷರದ ಶಿಸ್ತು, ಆಧಾರವನ್ನು ಮರಳಿ ನೋಡುವ ಅಭ್ಯಾಸ, ಪರಿಶಿಷ್ಟವನ್ನೂ ಪದಸೂಚಿಯನ್ನೂ ಕಟ್ಟುವ ಬಗೆ — ಇವು ಪ್ರಕಾಶಕರ ಮೇಜಿನ ಮೇಲೆ ದಕ್ಕಿದಂತೆ ತರಗತಿಯಲ್ಲಿ ದಕ್ಕುವುದಿಲ್ಲ. ಆದರೆ ಕನ್ನಡ ಪ್ರಕಾಶನಗಳು ಬಹುತೇಕ ಮನೆಮಂದಿಯೇ ನಡೆಸುವ ಸಂಸ್ಥೆಗಳು. ಪೂರ್ಣಾವಧಿ ಸಂಪಾದಕರನ್ನು ಇಟ್ಟುಕೊಳ್ಳಬಲ್ಲವರು ಕೆಲವರೇ. ಅಧ್ಯಾಪಕ ಹುದ್ದೆಯ ಆಯ್ಕೆಯಲ್ಲಿ ಪಿಎಚ್.ಡಿ.ಗೆ ಬೆಲೆಯುಂಟು, ಕರಡು ತಿದ್ದಿದ ವರ್ಷಗಳಿಗೆ ಸಾಮಾನ್ಯವಾಗಿ ಇಲ್ಲ.

ಇಂಥ ಸಂದರ್ಭದಲ್ಲಿ ಹಿರಿಯರು ಫ.ಗು. ಹಳಕಟ್ಟಿಯವರ ಹೆಸರನ್ನು ಎತ್ತುವುದುಂಟು. ಈ ಹುಡುಗಿಯ ಸೋದರಮಾವನೂ ಎತ್ತಿದ್ದನಂತೆ: "ಅವರು ವಕೀಲಕಿ ಮಾಡಿಕೋಂತ ವಚನ ಸಂಶೋಧನಾ ಮಾಡಲಿಲ್ಲೇನು?" ಮಾಡಿದರು, ನಿಜ. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು, 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಆದರೆ ಅವರ ಸಂಶೋಧನೆಗೆ ಆರು ವರ್ಷಗಳ ಗಡುವಿರಲಿಲ್ಲ, ಮಾರ್ಗದರ್ಶಕರ ಸಹಿ ಬೇಕಿರಲಿಲ್ಲ. ಅವರು ಅಚ್ಚುಕೂಟದಿಂದ ಹಣ ಮನೆಗೆ ತಂದವರಲ್ಲ, ಮನೆಯ ಹಣವನ್ನು ಅಚ್ಚುಕೂಟಕ್ಕೆ ಸುರಿದವರು. ಮಾವನವರಿಗೆ ಇದನ್ನು ತಿಳಿಸೆಂದು ಹೇಳಿದೆವು. ತಿಳಿಸಿದಳೋ ಇಲ್ಲವೋ!

ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳಿದೆವು: ಕೆಲಸ ಒಪ್ಪು, ಅವರು ಹೇಳಿದಂತಲ್ಲ. ತಿಂಗಳ ಸಂಬಳ ಬೇಡ. ಫಾರಂ ಲೆಕ್ಕದಲ್ಲಿ ದರ ಗೊತ್ತುಮಾಡಿಕೊ. ತಿಂಗಳ ಸಂಬಳವೆಂದರೆ ನಿನ್ನ ಹೊತ್ತು ಅವರದು. ಫಾರಂ ಲೆಕ್ಕವೆಂದರೆ ಹೊತ್ತು ನಿನ್ನದು. ವಾರಕ್ಕೆ ಎರಡು ಫಾರಂ, ಎಂಟು ಗಂಟೆ, ಅದೂ ಮಧ್ಯಾಹ್ನದ ಮೇಲೆ. ಬೆಳಗಿನ ಹೊತ್ತು ನಾಲ್ಕನೆಯ ಅಧ್ಯಾಯಕ್ಕೆ ಮೀಸಲು. ಅದು ಮಾರ್ಗದರ್ಶಕರ ಕೈಸೇರಿದ ಮೇಲೆ ಬೇಕಾದರೆ ಮೂರನೆಯ ಫಾರಂ. ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿಯೂ ಇದೇ ಮಿತಿಯೆಂದು ಒಪ್ಪಂದದಲ್ಲಿ ಬರೆಯಿಸಿಕೊ. ಹಣವನ್ನು ಪುಸ್ತಕ ಮಾರಾಟವಾದ ಮೇಲೆ ಕೊಡುತ್ತೇವೆಂದರೆ ಒಪ್ಪಬೇಡ. ಸಗಟು ಖರೀದಿಯ ಹಣ ಪ್ರಕಾಶಕರಿಗೇ ತಡವಾಗಿ ಬರುವಾಗ ಕರಡು ತಿದ್ದಿದವರ ಸರದಿ ಯಾವಾಗ ಬಂದೀತು?

ಹೀಗೆ ಮಾಡಿದರೆ ಹನ್ನೆರಡು ಸಾವಿರ ಬರುವುದಿಲ್ಲ, ಅದರ ಅರ್ಧಕ್ಕೂ ಕಡಿಮೆಯಾದೀತು. ತಮ್ಮನ ಫೀ ಪೂರ್ತಿ ಕಟ್ಟಲಾಗುವುದಿಲ್ಲ. ಈ ಮಾತನ್ನು ತಂದೆಯವರೆದುರು ಹೇಳಲು ಆಕೆಗೆ ಸಂಕೋಚ. ನಾವೇ ದೂರವಾಣಿಯಲ್ಲಿ ಮಾತನಾಡಿದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ತಿಂಗಳ ಬೇಕ್ರಿ ಆಕಿಗೆ?" ಹದಿನಾಲ್ಕು ತಿಂಗಳು ಎಂದೆವು. "ಹಂಗಾರ ಎರಡು ಹಂಗಾಮು" ಎಂದರು. ಫೀಯ ಉಳಿದ ಭಾಗಕ್ಕೆ ಸೊಸೈಟಿಯಲ್ಲಿ ಕೇಳುವುದಾಗಿ ತಿಳಿಸಿದರು.

ಪ್ರಕಾಶಕರು ಫಾರಂ ದರಕ್ಕೆ ಒಪ್ಪಿದ್ದಾರೆ, ಮೊದಲ ಎರಡು ಫಾರಂಗಳನ್ನೂ ಕಳಿಸಿದ್ದಾರೆ. ಡಿಸೆಂಬರಿನ ಮಿತಿಯ ಬಗೆಗೆ ಮಾತ್ರ ಅವರಿಂದ ಇನ್ನೂ ಉತ್ತರ ಬಂದಿಲ್ಲ.