ಬೇಲಿಯೇ ಹೊಲ ಮೇಯ್ದಾಗ

ಕಾವಲುಗಾರರ ನಾಯಕನ ಮೇಲೆಯೇ ಲಂಚದ ಆರೋಪ ಬಂದರೆ ಕಾಯುವವರಾರು? ಚೀನ ದೇಶದಲ್ಲಿ ಈ ಪ್ರಶ್ನೆಯು ಹತ್ತು ವರ್ಷಗಳೊಳಗೆ ಎರಡು ಸಲ ಎದ್ದಿದೆ.

ಜನತಾ ಸಶಸ್ತ್ರ ಪೊಲೀಸ್ ಪಡೆಯೆಂಬುದು ಅಲ್ಲಿ 1982ರಲ್ಲಿ ಸ್ಥಾಪಿತವಾದ ಅರೆಸೈನಿಕ ದಳ. ಸರಕಾರಿ ಕಚೇರಿಗಳನ್ನು ಕಾಯುವುದು, ದಂಗೆಗಳನ್ನು ಅಡಗಿಸುವುದು, ನೆರೆ-ಭೂಕಂಪಗಳಾದಾಗ ಜನರಿಗೆ ನೆರವಾಗುವುದು ಅದರ ಕರ್ತವ್ಯ. 2009ರಿಂದ 2014ರವರೆಗೆ ಅದರ ಅಧಿಪತಿಯಾಗಿದ್ದವರು ಜನರಲ್ ವಾಂಗ್ ಜಿಯಾನ್‌ಪಿಂಗ್. ಅನಂತರ ಅವರು ಸೇನೆಯ ಕೇಂದ್ರ ಕಾರ್ಯಾಲಯದಲ್ಲಿ ಉನ್ನತ ಹುದ್ದೆಗೇರಿದರು. ಲಂಚ ಸ್ವೀಕಾರದ ಸಂಶಯದ ಮೇಲೆ ಅವರ ತನಿಖೆ ನಡೆದಿದೆಯೆಂದು ರಕ್ಷಣಾ ಇಲಾಖೆಯು 2016ರ ಡಿಸೆಂಬರಿನಲ್ಲಿ ಪ್ರಕಟಿಸಿತು.

ಅದೇ ಕಾಲದಲ್ಲಿ ಕೇಂದ್ರ ಸೇನಾ ಆಯೋಗದ ಇಬ್ಬರು ಮಾಜಿ ಉಪಾಧ್ಯಕ್ಷರ ಮೇಲೆಯೂ ಬಡ್ತಿ ಕೊಡಿಸಲು ಲಂಚ ಪಡೆದ ಆರೋಪವಿತ್ತು. ಅವರಲ್ಲಿ ಷು ಸಾಯ್‌ಹೌ 2015ರಲ್ಲಿ, ವಿಚಾರಣೆಗೆ ಮುನ್ನವೇ, ಕಾಯಿಲೆಯಿಂದ ತೀರಿಕೊಂಡರು. ಗುವೊ ಬೊಶಿಯಾಂಗ್ ಅವರಿಗೆ ಸೇನಾ ನ್ಯಾಯಾಲಯವು 2016ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು.

ಹುದ್ದೆಗೆ ಬೆಲೆ ಬಿದ್ದರೆ ಏನಾಗುವುದೆಂಬುದನ್ನು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ವರ್ಷಗಟ್ಟಲೆ ಕುಳಿತ ನಾವು ಬಲ್ಲೆವು. ಒಮ್ಮೆ ಬಿಲ್ಲಿನ ಹಣವನ್ನು ಕದ್ದನೆಂದು ಮಾಣಿಯೊಬ್ಬನನ್ನು ಕೆಲಸದಿಂದ ತೆಗೆದೆವು. ಅವನನ್ನು ಕೆಲಸಕ್ಕೆ ಸೇರಿಸಲು ನಮ್ಮ ಮ್ಯಾನೇಜರನೇ ಅವನಿಂದ ಎರಡು ತಿಂಗಳ ಸಂಬಳ ಕಿತ್ತುಕೊಂಡಿದ್ದನೆಂದು ತಿಳಿದದ್ದು ಬಹಳ ದಿನಗಳ ಮೇಲೆ. ಹುಡುಗನು ಮೊದಲೇ ಏಕೆ ದೂರಲಿಲ್ಲ? ನಮ್ಮಲ್ಲಿಗೆ ಬರುವ ಪ್ರತಿ ದೂರೂ ಆ ಮ್ಯಾನೇಜರನ ಮೂಲಕವೇ ಬರಬೇಕಾಗಿತ್ತು! ಆ ಏರ್ಪಾಡು ನಮ್ಮದೇ, ತಪ್ಪೂ ನಮ್ಮದೇ. ಹುಡುಗನು ಮರಳಿ ಸಿಗಲಿಲ್ಲ.

ಚೀನದ ಕಥೆಯಲ್ಲಿಯೂ ಗಂಟು ಇಲ್ಲಿಯೇ ಇದೆ. 2018ರ ಜನವರಿ 1ರಿಂದ ಸಶಸ್ತ್ರ ಪೊಲೀಸ್ ಪಡೆಯನ್ನು ಸರಕಾರದ ಕೈಯಿಂದ ತೆಗೆದು ಸೇನಾ ಆಯೋಗದ ಅಧೀನಕ್ಕೆ ಮಾತ್ರವೇ ಒಪ್ಪಿಸಿದರು. ಹಿಡಿತ ಬಿಗಿಯಾಯಿತು. ಆದರೆ 2025ರ ಅಕ್ಟೋಬರ್ 17ರಂದು ಪಕ್ಷದಿಂದಲೂ ಸೇನೆಯಿಂದಲೂ ಹೊರಹಾಕಲ್ಪಟ್ಟ ಒಂಬತ್ತು ಮಂದಿ ಉನ್ನತಾಧಿಕಾರಿಗಳಲ್ಲಿ ಅದೇ ಪಡೆಯ ಅಧಿಪತಿ ವಾಂಗ್ ಚುನ್‌ನಿಂಗ್ ಅವರ ಹೆಸರೂ ಇತ್ತು. ಅಪಾರ ಹಣದ ಅಪರಾಧವೆಂದು ಅಧಿಕೃತ ಪ್ರಕಟಣೆ ಹೇಳಿತು.

ಮನುಷ್ಯರು ಬದಲಾದರು, ಬೇನೆ ಉಳಿಯಿತು. ಏಕೆಂದರೆ ಅಲ್ಲಿ ತನಿಖೆಯು ಮೇಲಿನಿಂದ ಕೆಳಕ್ಕೆ, ಮುಚ್ಚಿದ ಬಾಗಿಲಿನೊಳಗೆ ನಡೆಯುತ್ತದೆ. ಮೇಲಧಿಕಾರಿಯ ಕೃಪೆ ಇರುವವರೆಗೆ ತಪ್ಪಿತಸ್ಥನು ಕ್ಷೇಮ; ಕೃಪೆ ತಪ್ಪಿದ ದಿನ ಅವನ ಹೆಸರು ಬಯಲಿಗೆ. ಲಂಚ ತೆತ್ತು ಬರಿಗೈಯಾದ ಸಾಮಾನ್ಯ ಪೇದೆಗೆ ನಿರ್ಭಯವಾಗಿ ದೂರಲು ಸ್ವತಂತ್ರ ನ್ಯಾಯಾಲಯವಿಲ್ಲ, ಬರೆಯಲು ಸ್ವತಂತ್ರ ಪತ್ರಿಕೆಯಿಲ್ಲ.

ದೊಡ್ಡವರು ಸಿಕ್ಕಿಬಿದ್ದರೆಂದು ಹಿಗ್ಗುವುದು ಸುಲಭ. ಕಚೇರಿಯಾಗಲಿ, ಹೋಟೆಲಾಗಲಿ, ಸೇನೆಯಾಗಲಿ, ಚಿಕ್ಕವನ ದೂರು ದೊಡ್ಡವನನ್ನು ದಾಟಿ ಹೋಗಲು ದಾರಿಯುಂಟೇ ಎಂಬುದೇ ನಿಜವಾದ ಪರೀಕ್ಷೆ. ನಾವು ಆ ದಾರಿಯನ್ನು ತಡವಾಗಿ ತೆರೆದೆವು. ಮಾಲೀಕರಾದ ವಾಚಕರು ಅಷ್ಟು ತಡಮಾಡದಿರಲಿ.